ನೀಲಿ ಬಣ್ಣದ ಪಿಸ್ತೂಲು

ಅಲಂಕಾರಶಾಸ್ತ್ರವನ್ನು ಪಾಠ ಹೇಳುವವನಿಗೆ ಕ್ರಮೇಣ ಒಂದು ಚಟ ಅಂಟಿಕೊಳ್ಳುತ್ತದೆ. ಕಣ್ಣಿಗೆ ಬಿದ್ದುದನ್ನೆಲ್ಲ ಅವನು ಯಾವುದಾದರೊಂದು ಅಲಂಕಾರದ ಲಕ್ಷಣಕ್ಕೆ ಹೊಂದಿಸಿ ನೋಡತೊಡಗುತ್ತಾನೆ. ಕತ್ತಲಲ್ಲಿ ಬಿದ್ದಿದ್ದ ಹಗ್ಗವನ್ನು ಹಾವೆಂದು ತಿಳಿದು ಹೌಹಾರಿದವನ ಪ್ರಸಂಗವನ್ನು ಭ್ರಾಂತಿಮದಲಂಕಾರದ ಪಾಠಕ್ಕೆ ಪೀಠಿಕೆಯಾಗಿ ಎಷ್ಟೋ ವರ್ಷಗಳಿಂದ ಹೇಳುತ್ತ ಬಂದವನು ನಾನು. ವಿದ್ಯಾರ್ಥಿಗಳು ನಗುತ್ತಾರೆ, ನಾನೂ ನಗುತ್ತೇನೆ, ಪಾಠ ಮುಂದೆ ಸಾಗುತ್ತದೆ. ಅಂಥ ಭ್ರಾಂತಿಯು ಒಂದು ಮಗುವಿನ ಪ್ರಾಣವನ್ನೇ ಕೊಂಡೊಯ್ಯಬಲ್ಲದೆಂದೂ, ಅದನ್ನು ತಡೆಯುವುದಕ್ಕಾಗಿ ದೇಶದೇಶಗಳ ಕಾಯಿದೆಗಳು ಬಣ್ಣದ ಡಬ್ಬಿಯ ಮೊರೆಹೊಕ್ಕಿವೆಯೆಂದೂ ನನಗೆ ತಿಳಿದುದು ತೀರ ಈಚೆಗೆ. ಅದೂ ಗ್ರಂಥಗಳಿಂದಲ್ಲ, ನನ್ನ ಅಕ್ಕನ ಮಗನ ಅಡುಗೆಮನೆಯ ಮೇಜಿನ ಮುಂದೆ.

ಹುಡುಗ ಇಂಗ್ಲೆಂಡಿನ ಕೊವೆಂಟ್ರಿ ನಗರದಲ್ಲಿ ಎಂಜಿನಿಯರ್. ಒಂದು ಭಾನುವಾರ ವಿಡಿಯೊ ಕರೆಯಲ್ಲಿ ಮಗನೊಡನೆ ಮಾತನಾಡುತ್ತಿದ್ದ ಅಕ್ಕನಿಗೆ ಅವನ ಬೆನ್ನ ಹಿಂದೆ ಸಾಲಾಗಿ ಮಲಗಿದ್ದ ನಾಲ್ಕು ಕರಿಯ ಪಿಸ್ತೂಲುಗಳು ಕಂಡುವಂತೆ. “ಆಟದ ಸಾಮಾನು ಕಣಮ್ಮ, ರಿಪೇರಿಗೆ ಬಂದಿವೆ” ಎಂದು ಅವನು ನಕ್ಕನಂತೆ. ಅಕ್ಕ ನಗಲಿಲ್ಲ. ಕೂಡಲೆ ಮೈಸೂರಿನಿಂದ ನನಗೆ ಫೋನು ಮಾಡಿ, “ಹೇಗೂ ರಜಕ್ಕೆ ಅಲ್ಲಿಗೆ ಹೋಗ್ತಾ ಇದ್ದೀಯ. ಮಾಮ ಅಂದರೆ ಅವನಿಗೆ ಇನ್ನೂ ಒಂದಿಷ್ಟು ಅಂಜಿಕೆ ಇದೆ. ಕೂರಿಸಿಕೊಂಡು ನಾಲ್ಕು ಮಾತು ಹೇಳಿ ಬಾ” ಎಂದಳು. ಆ ನಾಲ್ಕು ಮಾತುಗಳನ್ನು ವಿಮಾನದಲ್ಲಿ ಕುಳಿತು ಮನಸ್ಸಿನಲ್ಲಿಯೇ ಹದಿನಾಲ್ಕಾಗಿ ಬೆಳೆಸಿಕೊಂಡು, 2023ರ ಡಿಸೆಂಬರಿನಲ್ಲಿ ನಾನು ಕೊವೆಂಟ್ರಿಯನ್ನು ಸೇರಿದೆನು.

ನನ್ನ ಮಾತಿಗೆ ಅವನು ಎಡೆಯನ್ನೇ ಕೊಡಲಿಲ್ಲ. ಮರುದಿನ ಬೆಳಗ್ಗೆ ಕಾಫಿಯ ಲೋಟ ಕೆಳಗಿಡುವಷ್ಟರಲ್ಲಿ ಒಂದು ಪಿಸ್ತೂಲನ್ನು ತಂದು, ಅದು ಬರಿದಾಗಿದೆಯೆಂಬುದನ್ನು ಎರಡು ಬಾರಿ ತೋರಿಸಿ, ನನ್ನ ಕೈಗಿತ್ತನು. ಲೋಹದ ತಣ್ಣನೆಯ ಭಾರ. ಬಾಲ್ಯದ ದೀಪಾವಳಿಯಲ್ಲಿ ನಾವು ಕೇಪು ಹೊಡೆಯುತ್ತಿದ್ದ ತಗಡಿನ ಪಿಸ್ತೂಲನ್ನು ಯಾರೂ ನಿಜವೆಂದು ಭ್ರಮಿಸುತ್ತಿರಲಿಲ್ಲ. ಇದಾದರೋ ಅಚ್ಚು, ತೂಕ, ಕುದುರೆಯ ಬಿಗಿ, ಎಲ್ಲದರಲ್ಲಿಯೂ ನಿಜದ ಪಡಿಯಚ್ಚು. ಹಾರುವುದು ಮಾತ್ರ ಆರು ಮಿಲಿಮೀಟರಿನ ಒಂದು ಪ್ಲಾಸ್ಟಿಕ್ ಗುಂಡು. ಮೆಣಸಿನ ಕಾಳಿಗಿಂತ ತುಸು ದೊಡ್ಡದು. ತೂಕ ಸಾಮಾನ್ಯವಾಗಿ 0.2 ಗ್ರಾಂ. ಕಣ್ಣಿಗೆ ಭದ್ರವಾದ ಕನ್ನಡಕವನ್ನು ಕಟ್ಟಿಕೊಂಡು, ಎರಡು ಪಂಗಡಗಳಾಗಿ ಕಾಡಿನಲ್ಲಿ ಅಡಗಿ, ಇಂಥ ಗುಂಡುಗಳಿಂದ ಹುಸಿಕದನವಾಡುವುದು ಈ ಏರ್‌ಸಾಫ್ಟ್ ಎಂಬ ಆಟ. ನನ್ನನ್ನು ಮೊದಲು ಸೆಳೆದುದು ಅದರ ಒಂದು ನಿಯಮ. ಗುಂಡು ಬಟ್ಟೆಗೆ ತಗುಲಿದರೆ ಗುರುತೇನೂ ಉಳಿಯುವುದಿಲ್ಲ. ತನಗೆ ತಗುಲಿತೆಂದು ತಗುಲಿಸಿಕೊಂಡವನೇ ಕೈಯೆತ್ತಿ ಕೂಗಿ ಹೇಳಿ ಕಣದಿಂದ ಹೊರಗೆ ನಡೆಯಬೇಕು. ಅವನು ಸುಮ್ಮನಿದ್ದುಬಿಟ್ಟರೆ ಆಟವೇ ಇಲ್ಲ.

ಈ ಆಟಿಕೆಯ ತವರು ಜಪಾನ್. ಅಲ್ಲಿನ 1958ರ ಕಾಯಿದೆ ಬಂದೂಕುಗಳನ್ನು ಸಾಮಾನ್ಯ ಪ್ರಜೆಯ ಕೈಗೆ ಬಹುಮಟ್ಟಿಗೆ ಎಟುಕದಂತೆ ಮಾಡಿತು. ಕೈಗೆ ಎಟುಕದ ವಸ್ತುವಿನ ಪ್ರತಿಕೃತಿಯ ಮೇಲೆ ಮನುಷ್ಯನಿಗೆ ಮೋಹ ಹುಟ್ಟುವುದು ಸಹಜವಷ್ಟೆ. ಲೋಹದ ಮಾದರಿಗಳು ಬಂದುವು, ದಿನದಿನಕ್ಕೆ ನಿಜವನ್ನು ಹೋಲತೊಡಗಿದುವು. ಕೊನೆಗೆ 1971ರಲ್ಲಿ ಲೋಹದ ಮಾದರಿ ಪಿಸ್ತೂಲುಗಳ ನಳಿಗೆ ಮುಚ್ಚಿರಬೇಕು, ಮೈ ಬಿಳಿಯದೋ ಹಳದಿಯದೋ ಆಗಿರಬೇಕು ಎಂದು ಸರ್ಕಾರ ಕಟ್ಟುಮಾಡಿತು. ಅನಂತರದ ವರ್ಷಗಳಲ್ಲಿ ಪ್ಲಾಸ್ಟಿಕ್ ಗುಂಡು ಹಾರಿಸುವ ಆಟಿಕೆಗಳು ಬೆಳೆದುವು. 1980ರ ದಶಕದಲ್ಲಿ ಅನಿಲದಿಂದ ನಡೆಯುವ ಬಗೆ ಬಳಕೆಗೆ ಬಂದಿತು. 2006ರ ತಿದ್ದುಪಡಿ ಅವುಗಳ ಶಕ್ತಿಗೂ ಮಿತಿಯನ್ನು ಹಾಕಿತು. ಆರು ಮಿಲಿಮೀಟರಿನ ಗುಂಡಿಗೆ ಆ ಮಿತಿ ಸುಮಾರು 0.98 ಜೂಲ್. ಹೀಗೆ ಈ ಆಟಿಕೆಯ ಚರಿತ್ರೆಯೆಂದರೆ, ನಿಜವನ್ನು ಹೋಲಬೇಕೆಂಬ ಹಂಬಲ, ಹೋಲಿಕೆ ಮಿತಿಮೀರಬಾರದೆಂಬ ಕಾಯಿದೆ, ಇವೆರಡರ ಜಗ್ಗಾಟವೇ ಸರಿ.

ನಾನಿದ್ದ ಮೂರು ವಾರ ಕೊರೆಯುವ ಚಳಿ. ಚಳಿಗೂ ಅನಿಲದ ಪಿಸ್ತೂಲಿಗೂ ಎಣ್ಣೆ ಸೀಗೆಕಾಯಿಯ ನಂಟು. ಕೈಹಿಡಿಯ ಒಳಗೆ ಸೇರಿಸುವ ಮ್ಯಾಗಜೀನಿನಲ್ಲಿ ಮೇಲೆ ಗುಂಡುಗಳ ಸಾಲು, ಒಳಹೊಟ್ಟೆಯಲ್ಲಿ ದ್ರವರೂಪದ ಅನಿಲ. ಅವರು ಗ್ರೀನ್ ಗ್ಯಾಸ್ ಎನ್ನುವುದು ಬೇರೇನೂ ಅಲ್ಲ, ಪ್ರೋಪೇನಿಗೆ ಕೊಂಚ ಸಿಲಿಕೋನ್ ಎಣ್ಣೆ ಬೆರಸಿದ್ದು. ನಮ್ಮ ಅಡುಗೆ ಅನಿಲದ ಹತ್ತಿರದ ಬಂಧು. ಸೋರಿಕೆಯನ್ನು ಸಾರುವ ಆ ದುರ್ವಾಸನೆಯೊಂದಿಲ್ಲ. ಕುದುರೆಯನ್ನು ಎಳೆದೊಡನೆ ವಾಲ್ವು ತೆರೆದು, ಅನಿಲ ನುಗ್ಗಿ ಗುಂಡನ್ನು ಮುಂದಕ್ಕೆ ತಳ್ಳುತ್ತದೆ. ಅದೇ ಉಸಿರಿನಲ್ಲಿ ಪಿಸ್ತೂಲಿನ ಮೇಲ್ಭಾಗವನ್ನು ಹಿಂದಕ್ಕೆ ಒದೆಯುತ್ತದೆ. ಅದು ಮರಳುವಾಗ ಮುಂದಿನ ಗುಂಡು ಬಾಯಿಗೆ ಬಂದು ಕೂರುತ್ತದೆ. ಇಪ್ಪತ್ತು ಡಿಗ್ರಿ ಉಷ್ಣತೆಯಲ್ಲಿ ಪ್ರೋಪೇನಿನ ಒತ್ತಡ ವಾತಾವರಣದ ಒತ್ತಡದ ಸುಮಾರು 8 ಪಟ್ಟು. ಸೊನ್ನೆ ಡಿಗ್ರಿಯಲ್ಲಿ 5 ಪಟ್ಟಿಗೂ ಕಡಮೆ. ಸಾಲದುದಕ್ಕೆ, ದ್ರವ ಆವಿಯಾಗುವಾಗ ತನ್ನ ಸುತ್ತಣ ಶಾಖವನ್ನೇ ಹೀರಿಕೊಳ್ಳುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಈ ನ್ಯಾಯದಿಂದಲೇ. ಆದುದರಿಂದ ಬೇಗಬೇಗ ಹತ್ತು ಗುಂಡು ಹಾರಿಸಿದರೆ ಪಿಸ್ತೂಲು ತನ್ನ ಚಳಿಯಲ್ಲಿ ತಾನೇ ನಡುಗಿ ಮುದುಕನಂತೆ ಕೆಮ್ಮುತ್ತದೆ. ಇದನ್ನು ಅರಿಯದವರು ಕೆಟ್ಟುಹೋಯಿತೆಂದು ರಿಪೇರಿಗೆ ತರುತ್ತಾರೆ. ನನ್ನ ಸೋದರಳಿಯ ಅಂಥ ಮ್ಯಾಗಜೀನನ್ನು ಅಂಗಿಯ ಒಳಜೇಬಿನಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು, ಹೊರತೆಗೆದು ಹಾರಿಸಿ ತೋರಿಸಿ, ಹಣ ಮುಟ್ಟದೆ ಹಿಂದಿರುಗಿಸುತ್ತಿದ್ದನು. ಬೆಂಕಿಗೂ ಬಿಸಿನೀರಿಗೂ ಹಿಡಿಯಬಾರದು, ಮೈಯ ಬಿಸಿಯೇ ಸಾಕು ಎಂಬುದು ಅವನು ಎಲ್ಲರಿಗೂ ಹೇಳುತ್ತಿದ್ದ ಮಾತು.

ನಿಜವಾದ ರೋಗಗಳೂ ಇಲ್ಲದಿಲ್ಲ. ಅವುಗಳಲ್ಲಿ ಮುಖ್ಯವಾದುದು ಸೋರಿಕೆ. ಒಂದು ಸಂಜೆ ಅವನು ಗಾಜಿನ ಬೋಗುಣಿಯಲ್ಲಿ ನೀರು ತುಂಬಿ, ಅನಿಲ ತುಂಬಿದ ಮ್ಯಾಗಜೀನನ್ನು ಮುಳುಗಿಸಿ, ಕಣ್ಣು ಕಿರಿದು ಮಾಡಿ ನೋಡತೊಡಗಿದನು. ವಾಲ್ವಿನ ಬುಡದಿಂದ ಸಾಸಿವೆಯಂಥ ಗುಳ್ಳೆಗಳು ಒಂದರ ಹಿಂದೊಂದು ಮೇಲೆದ್ದುವು. ನನಗೆ ನಗು ತಡೆಯಲಾಗಲಿಲ್ಲ. ನಮ್ಮೂರ ಸೈಕಲ್ ಶಾಪಿನವನು ಟ್ಯೂಬಿಗೆ ಗಾಳಿ ತುಂಬಿ, ತೊಟ್ಟಿಯ ನೀರಿನಲ್ಲಿ ಅದ್ದಿ, ಪಂಕ್ಚರಿನ ಜಾಗವನ್ನು ಹೆಬ್ಬೆರಳಿನಿಂದ ಒತ್ತಿಹಿಡಿಯುತ್ತಿದ್ದುದೂ ಹೀಗೆಯೇ ಅಲ್ಲವೆ! 1885ರಲ್ಲಿ ಸ್ಟಾರ್ಲಿ ಎಂಬಾತ ಇಂದಿನ ಸೈಕಲ್ಲಿನ ಮೂಲರೂಪವನ್ನು ರೂಢಿಗೆ ತಂದುದು ಇದೇ ಕೊವೆಂಟ್ರಿಯಲ್ಲಿ ಎಂಬುದು ನೆನಪಾಗಿ, ಆ ವಿದ್ಯೆ ತನ್ನ ತವರಿಗೆ ಮರಳಿತೆಂದುಕೊಂಡೆನು.

ಅನಿಲವನ್ನೆಲ್ಲ ಹೊರಬಿಟ್ಟ ಮೇಲೆ ಅವನು ವಾಲ್ವನ್ನು ಬಿಚ್ಚಿ, ಅದರ ಕೊರಳಿನಲ್ಲಿದ್ದ ಕರಿಯ ರಬ್ಬರಿನ ಬಳೆಯನ್ನು ತೆಗೆದನು. ಓ-ರಿಂಗ್ ಎಂದು ಅದರ ಹೆಸರು. ಕುಕ್ಕರಿನ ಗ್ಯಾಸ್ಕೆಟ್ಟಿನ ಮರಿಯೆನ್ನಬಹುದು. “ಹಿಂದಿನವನು ಇದಕ್ಕೆ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟಿದ್ದಾನೆ, ಮಾಮ. ಪೆಟ್ರೋಲಿಯಂ ಎಣ್ಣೆ ತಗುಲಿದರೆ ಇಂಥ ರಬ್ಬರು ಊದಿಕೊಳ್ಳುತ್ತೆ, ಆಮೇಲೆ ಹರಿದುಹೋಗುತ್ತೆ. ಸಿಲಿಕೋನ್ ಎಣ್ಣೆ ಒಂದೇ ತೊಟ್ಟು ಬಿಟ್ಟರೆ ಸಾಕು” ಎಂದನು. ನಳಿಗೆಯನ್ನು ಬಟ್ಟೆ ಸುತ್ತಿದ ಕಡ್ಡಿಯಿಂದ ಒರಸುವುದು. ಆಟದ ತರುವಾಯ ಮ್ಯಾಗಜೀನನ್ನು ಪೂರ್ತಿ ಬರಿದುಮಾಡದೆ, ರಬ್ಬರು ಒತ್ತಿ ನಿಲ್ಲುವಂತೆ ಒಂದಿಷ್ಟು ಅನಿಲ ಉಳಿಸಿ ಎತ್ತಿಡುವುದು. ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡದಿರುವುದು: ಇವು ಅವನ ನಿತ್ಯವಿಧಿಗಳು. ಆಟದ ಸಾಮಾನಿಗೆ ಇಷ್ಟು ಆರೈಕೆಯೆ ಎಂದು ನಗಹೊರಟವನು, ಓಲೆಗರಿಗಳಿಗೆ ಎಣ್ಣೆ ಸವರಿ ಕಾಪಾಡುವ ನಮ್ಮವರ ನೆನಪಾಗಿ ಸುಮ್ಮನಾದೆನು.

ರಿಪೇರಿ ಮಾಡುವುದರ ಜೊತೆಗೆ ಅವನು ಹಳೆಯ ಪಿಸ್ತೂಲುಗಳನ್ನು ಕೊಂಡು ಸರಿಪಡಿಸಿ ಮಾರುವುದೂ ಉಂಟು. ಮಾರುವ ಮುನ್ನ ಒಂದು ಚೀಟಿ ಬರೆಯುತ್ತಾನೆ. ಯಾವ ಬಳೆ ಹೊಸದು, ಎಲ್ಲಿ ಮೈ ಸವೆದಿದೆ, ಎಷ್ಟು ಚಳಿಯಲ್ಲಿ ಕೈಕೊಡುತ್ತದೆ, ಎಲ್ಲವನ್ನೂ ಅದರಲ್ಲಿ ಕಾಣಿಸುತ್ತಾನೆ. ಇದು ಅವನ ಸ್ವಭಾವ. ಆದರೆ ಕೊಳ್ಳುವವನು ಯಾರೆಂದು ವಿಚಾರಿಸುವುದು ಸ್ವಭಾವವಲ್ಲ, ಕಾಯಿದೆಯ ಭಯ. 2006ರಲ್ಲಿ ಅಂಗೀಕೃತವಾಗಿ ಮರುವರ್ಷ ಜಾರಿಗೆ ಬಂದ ಬ್ರಿಟನ್ನಿನ ಕಾಯಿದೆಯಂತೆ, ನಿಜವೆಂದು ತೋರುವ ನಕಲಿ ಬಂದೂಕನ್ನು ಕಂಡಕಂಡವರಿಗೆ ಮಾರುವಂತಿಲ್ಲ. ಹದಿನೆಂಟು ತುಂಬದವರಿಗೆ ಯಾವ ನಕಲಿಯನ್ನೂ ಮಾರುವಂತಿಲ್ಲ. ಆಟಗಾರನೆಂದು ತೋರಿಸಿಕೊಟ್ಟವನಿಗೆ ವಿನಾಯಿತಿಯುಂಟು. ಅದಕ್ಕಾಗಿ ವ್ಯಾಪಾರಿಗಳೇ ಒಂದು ಪಟ್ಟಿಯನ್ನು ಇಟ್ಟಿದ್ದಾರೆ. 56 ದಿನಗಳಿಗೆ ಕಡಮೆಯಿಲ್ಲದ ಅವಧಿಯಲ್ಲಿ ಮೂರು ಆಟಗಳನ್ನಾದರೂ ಆಡಿದವನ ಹೆಸರು ಅದರಲ್ಲಿ ಸೇರಬಹುದು. ಉಳಿದವರಿಗೆ ಸಿಕ್ಕುವುದು ಢಾಳಾದ ನೀಲಿ, ಕೆಂಪು, ಹಳದಿ, ಹಸುರು ಮೊದಲಾದ ಬಣ್ಣ ಬಳಿದ ಪಿಸ್ತೂಲು.

ಕ್ರಿಸ್ಮಸ್ಸಿಗೆ ಎರಡು ದಿನವಿರುವಾಗ ಒಬ್ಬ ತರುಣ ಅಂಥದೊಂದು ನೀಲಿ ಪಿಸ್ತೂಲನ್ನು ತಂದನು. ಸೋರಿಕೆಯನ್ನು ನಿಲ್ಲಿಸಬೇಕು, ಹಾಗೆಯೇ ಆ ದರಿದ್ರ ನೀಲಿಯನ್ನು ಕೆರೆದು ಕಪ್ಪು ಬಳಿದುಕೊಡಬೇಕು, ಕೇಳಿದಷ್ಟು ಹಣ ಕೊಡುವೆನು ಎಂದನು. ಆಟದ ಪಟ್ಟಿಯಲ್ಲಿ ಹೆಸರಿದೆಯೆ ಎಂದು ಇವನು ಕೇಳಿದನು. ಇನ್ನೂ ಇಲ್ಲ, ಒಂದೇ ಆಟ ಆಡಿದ್ದೇನೆ ಎಂದು ಉತ್ತರ ಬಂದಿತು. ಸೋರಿಕೆಯನ್ನು ನಿಲ್ಲಿಸಿಕೊಡುವೆನು, ಬಣ್ಣವನ್ನು ಮುಟ್ಟಲಾರೆನು ಎಂದು ಇವನು ಮೆದುವಾಗಿಯೇ ಹೇಳಿದನು. ತರುಣ ಮುಖ ಗಂಟಿಕ್ಕಿ, ಮಾಡಿಕೊಡುವವರು ಬೇರೆ ಇದ್ದಾರೆಂದು ಪಿಸ್ತೂಲನ್ನು ಎತ್ತಿಕೊಂಡು ಹೊರಟೇಹೋದನು.

ಓದುಗರು ನಗಬಾರದು, ಬುದ್ಧಿ ಹೇಳಲೆಂದು ಸಮುದ್ರ ದಾಟಿ ಬಂದಿದ್ದ ನಾನೇ ಆಗ, “ಪಾಪ, ಹುಡುಗ. ಬಣ್ಣ ಕೆರೆದರೆ ಏನಾಗುತ್ತಿತ್ತೋ? ಆಟದ ಸಾಮಾನೇ ತಾನೆ?” ಎಂದುಬಿಟ್ಟೆನು. ಅವನು ಕೈಯೊರಸಿಕೊಳ್ಳುತ್ತ, “ಹಾಗೆ ಬದಲಾಯಿಸೋದೂ ಇಲ್ಲಿ ಅಪರಾಧ, ಮಾಮ. ಆದರೆ ನಾನು ಬೇಡ ಅಂದದ್ದು ಅದಕ್ಕಲ್ಲ” ಎಂದು ಹೇಳಿ, ಒಂದು ಸಂಗತಿಯನ್ನು ತಿಳಿಸಿದನು.

ಅಮೆರಿಕದಲ್ಲಿ ಇಂಥ ಆಟಿಕೆಯ ಮೂತಿಗೆ ಕಿತ್ತಳೆ ಬಣ್ಣದ ಗುರುತಿರಬೇಕೆಂದು 1988ರಲ್ಲಿಯೇ ಕಾಯಿದೆಯಾಗಿದೆ. 2014ರ ನವೆಂಬರ್ 22ರಂದು ಒಹಾಯೊ ರಾಜ್ಯದ ಕ್ಲೀವ್‌ಲೆಂಡ್ ನಗರದ ಉದ್ಯಾನವೊಂದರಲ್ಲಿ ಟಾಮಿರ್ ರೈಸ್ ಎಂಬ 12 ವರ್ಷದ ಕಪ್ಪು ಜನಾಂಗದ ಬಾಲಕ ಏರ್‌ಸಾಫ್ಟ್ ಪಿಸ್ತೂಲೊಂದನ್ನು ಹಿಡಿದು ಆಡುತ್ತಿದ್ದನು. ಕಂಡವರೊಬ್ಬರು ಪೊಲೀಸರಿಗೆ ಫೋನು ಮಾಡಿ, ಅದು ಬಹುಶಃ ನಕಲಿಯೆಂದೂ ಹೇಳಿದ್ದರು. ಆ ಮಾತು ಸ್ಥಳಕ್ಕೆ ಧಾವಿಸಿದ ಪೊಲೀಸರಿಗೆ ಮುಟ್ಟಲೇ ಇಲ್ಲ. ಅವರ ಕಾರು ಬಂದು ನಿಂತ ಎರಡು ಸೆಕೆಂಡುಗಳೊಳಗಾಗಿ ಗುಂಡು ಹಾರಿತು. ಮರುದಿನ ಬಾಲಕ ತೀರಿಕೊಂಡನು. ಪಿಸ್ತೂಲಿನ ಮೂತಿಯಲ್ಲಿ ಕಿತ್ತಳೆಯ ತುದಿ ಇರಲಿಲ್ಲ. ಅದು ಅವನ ಗೆಳೆಯನದು. ರಿಪೇರಿಗೆಂದು ಬಿಚ್ಚಿದಾಗ ಆ ತುದಿಯನ್ನು ಮತ್ತೆ ಕೂರಿಸಲು ತನಗೆ ಬರಲಿಲ್ಲವೆಂದು ಆ ಗೆಳೆಯ ವಿಚಾರಣೆಯಲ್ಲಿ ಹೇಳಿದನು.

“ರಿಪೇರಿಗೆಂದು ಬಿಚ್ಚಿದಾಗ” ಎಂಬಲ್ಲಿಗೆ ಅವನ ದನಿ ತಗ್ಗಿತು. ತುದಿಯೊಂದಿದ್ದಿದ್ದರೆ ಮಗು ಬದುಕುತ್ತಿತ್ತೆಂದು ಯಾರೂ ಆಣೆಯಿಟ್ಟು ಹೇಳಲಾರರು. ಆ ಎರಡು ಸೆಕೆಂಡುಗಳ ಆತುರಕ್ಕೂ ಬಾಲಕನ ಮೈಬಣ್ಣಕ್ಕೂ ಇದ್ದಿರಬಹುದಾದ ನಂಟು ಆ ದೇಶವನ್ನು ಕಲಕಿದ ಪ್ರಶ್ನೆ. ಆದರೂ ರಿಪೇರಿಯ ಮೇಜಿನ ಮುಂದೆ ಕುಳಿತವನಿಗೆ ತನ್ನ ಪಾಲಿನ ಕೆಲಸ ಯಾವುದೆಂಬುದು ಸ್ಪಷ್ಟವಾಗಿದ್ದಿತು.

ಆ ರಾತ್ರಿ ನನಗೆ ಬೇಗ ನಿದ್ರೆ ಹತ್ತಲಿಲ್ಲ. ಮುಖ ಚಂದ್ರನಂತೆ ಎನ್ನುವಾಗ ‘ಅಂತೆ’ ಎಂಬುದು ಉಪಮಾವಾಚಕ. ಎರಡು ವಸ್ತುಗಳು ಎಷ್ಟೇ ಹೋಲಲಿ, ಒಂದು ಇನ್ನೊಂದಲ್ಲವೆಂದು ನೆನಪಿಸುವ ಕಿರಿಯ ಮಾತು ಅದು. ಕವಿಯು ಅದನ್ನು ಬಿಟ್ಟರೆ ರೂಪಕವಾಗಿ ಕಾವ್ಯ ಇನ್ನಷ್ಟು ಬಿಗಿಯಾಯಿತೆಂದು ನಾವು ಕೊಂಡಾಡುತ್ತೇವೆ. ಸಹೃದಯನಿಗೆ ವ್ಯತ್ಯಾಸ ತಿಳಿದೇ ಇರುತ್ತದೆ. ಬೀದಿಯಲ್ಲಿ ಎಲ್ಲರೂ ಸಹೃದಯರಲ್ಲ. ಅಲ್ಲಿ ಯೋಚಿಸಲು ಬಿಡುವೂ ಇಲ್ಲ. ‘ಬಹುಶಃ ನಕಲಿ’ ಎಂಬ ಒಬ್ಬರ ಸಂದೇಹ ದಾರಿಯಲ್ಲಿ ಕಳೆದುಹೋಗಿ ಇನ್ನೊಬ್ಬರ ಭ್ರಾಂತಿಯಾಯಿತು. ಆ ಕಿತ್ತಳೆಯ ತುದಿ, ಈ ಅಂದಗೆಟ್ಟ ನೀಲಿ, ಇವು ಆಟಿಕೆಯ ಮೈಮೇಲೆ ಬರೆದ ‘ಅಂತೆ’ಗಳು.

ಹೊಸ ವರ್ಷಕ್ಕೆ ಮುಂಚೆ ಆ ತರುಣ ತಾನಾಗಿಯೇ ಮರಳಿ ಬಂದನು. ಬೇರೆಯವರು ಬಣ್ಣ ಬಳಿಯಲು ಒಪ್ಪಿದರೂ ಸೋರಿಕೆಯನ್ನು ನಿಲ್ಲಿಸಲು ಅವರಿಂದಾಗದೆಂದು ಗೊತ್ತಾಯಿತಂತೆ. ಪಿಸ್ತೂಲು ಇನ್ನೂ ನೀಲಿಯಾಗಿಯೇ ಇದ್ದಿತು. ಹೊಸ ಓ-ರಿಂಗ್ ಕೂರಿಸಿ, ಬೋಗುಣಿಯಲ್ಲಿ ಮುಳುಗಿಸಿ, ಒಂದು ಗುಳ್ಳೆಯೂ ಏಳದುದನ್ನು ಮೂವರೂ ತಲೆ ಬಗ್ಗಿಸಿ ನೋಡಿದೆವು.

ಮೈಸೂರಿಗೆ ಮರಳಿದ ದಿನ ಅಕ್ಕ ಬಾಗಿಲಲ್ಲಿಯೇ ಕೇಳಿದಳು: “ಹೇಳಿದೆಯೇನೋ ಅವನಿಗೆ?”

“ಇಲ್ಲ ಅಕ್ಕ, ಹೇಳಿಸಿಕೊಂಡು ಬಂದೆ” ಎಂದೆನು.