ಮಲೇರಿಯಾ: ಆಕಾರ ಒಂದು, ರೋಗಾಣು ಇನ್ನೊಂದು

ಮಲೇರಿಯಾ ಶಂಕೆ ಬಂದರೆ ಬೆರಳಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಗಾಜಿಗೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ನಿಮಗೆಲ್ಲ ಗೊತ್ತು. ರಕ್ತಕಣದೊಳಗಿನ ರೋಗಾಣುವಿನ ಆಕಾರ ನೋಡಿಯೇ ಅದು ವೈವ್ಯಾಕ್ಸೋ ಫಾಲ್ಸಿಪಾರಮ್ಮೋ ಎಂದು ಹೇಳುತ್ತಾರೆ. ಈ ಪರೀಕ್ಷೆ ಇಂದಿಗೂ ಬೇಕೇಬೇಕು. ಆದರೆ ಎರಡು ಬೇರೆ ಬೇರೆ ರೋಗಾಣುಗಳು ಒಂದೇ ಆಕಾರದಲ್ಲಿದ್ದರೆ?

ಬೋರ್ನಿಯೋ ದ್ವೀಪದಲ್ಲಿ, ಮಲೇಷ್ಯಾಕ್ಕೆ ಸೇರಿದ ಸರವಾಕ್ ರಾಜ್ಯದ ಕಪಿಟ್ ಎಂಬ ಕಾಡುಸೀಮೆಯಲ್ಲಿ ಆದದ್ದು ಇದೇ. ಅಲ್ಲಿ ಅನೇಕರ ರಕ್ತದಲ್ಲಿ 'ಪ್ಲಾಸ್ಮೋಡಿಯಂ ಮಲೇರಿಯೆ' ಕಾಣಿಸುತ್ತಿತ್ತು. ಮಲೇರಿಯಾ ಬಳಗದಲ್ಲಿ ಇದು ಸ್ವಲ್ಪ ಸಾಧು. 72 ಗಂಟೆಗೊಮ್ಮೆ ಮಾತ್ರ ವೃದ್ಧಿಯಾಗುತ್ತದೆ, ರಕ್ತದಲ್ಲಿ ವಿರಳವಾಗಿರುತ್ತದೆ. ಕಪಿಟ್‌ನ ರೋಗಿಗಳಲ್ಲೋ ಅದು ಹೇರಳವಾಗಿತ್ತು. ಬಾಲ್ಬೀರ್ ಸಿಂಗ್, ಜಾನೆಟ್ ಕಾಕ್ಸ್-ಸಿಂಗ್ ಮತ್ತು ಸಂಗಡಿಗರು ಆ ರಕ್ತವನ್ನು ಡಿ.ಎನ್.ಎ. ಪರೀಕ್ಷೆಗೆ ಒಡ್ಡಿದರು.

ಪಿ.ಸಿ.ಆರ್. ಎಂಬ ಈ ವಿಧಾನ ಕೋವಿಡ್ ಕಾಲದಲ್ಲಿ ಮನೆಮಾತಾಯಿತು. ಪ್ರತಿ ಜೀವಿಯ ಡಿ.ಎನ್.ಎ.ಯಲ್ಲೂ ಅದರದೇ ಆದ ಕೆಲವು ಅಕ್ಷರಸಾಲುಗಳಿರುತ್ತವೆ. ಆ ಸಾಲಿಗೆ ಮಾತ್ರ ಅಂಟಿಕೊಳ್ಳುವ ಪುಟ್ಟ ತುಂಡುಗಳನ್ನು ಸೇರಿಸಿ, ಮತ್ತೆ ಮತ್ತೆ ಕಾಯಿಸಿ ತಣಿಸುತ್ತಾರೆ. ಸಾಲು ಇದ್ದರೆ ಒಂದು ಎರಡಾಗಿ, ಎರಡು ನಾಲ್ಕಾಗಿ, ಕೋಟಿಗಟ್ಟಲೆ ಪ್ರತಿಗಳಾಗುತ್ತವೆ. ಇಲ್ಲದಿದ್ದರೆ ಏನೂ ಬೆಳೆಯದು.

ಇಲ್ಲಿ 'ಮಲೇರಿಯೆ'ಯ ತುಂಡು ಹಾಕಿದರೆ ಏನೂ ಬೆಳೆಯಲಿಲ್ಲ! ವಂಶವಾಹಿಯನ್ನು ಅಕ್ಷರ ಬಿಡದೆ ಓದಿದಾಗ ಸಿಕ್ಕಿದ್ದು ಕೋತಿಗಳ ಮಲೇರಿಯಾ ರೋಗಾಣು, 'ಪ್ಲಾಸ್ಮೋಡಿಯಂ ನೋಲೆಸಿ'. 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ವರದಿಯಂತೆ ಪರೀಕ್ಷಿಸಿದ 208 ಮಲೇರಿಯಾ ರೋಗಿಗಳಲ್ಲಿ 120 ಮಂದಿಯಲ್ಲಿ ಇದಿತ್ತು. (1930ರ ದಶಕದ ಆರಂಭದಲ್ಲಿ ಕಲ್ಕತ್ತೆಯಲ್ಲಿ ಇದನ್ನು ಅಭ್ಯಾಸ ಮಾಡಿದವರು ನೋಲ್ಸ್ ಮತ್ತು ದಾಸಗುಪ್ತ. ಹೆಸರು ಮಾತ್ರ ನೋಲ್ಸ್‌ರದು!)

ಹೆಸರಿನಲ್ಲೇನಿದೆ ಎನ್ನುತ್ತೀರಾ? ನೋಲೆಸಿ 24 ಗಂಟೆಗೊಮ್ಮೆ ವೃದ್ಧಿಯಾಗುತ್ತದೆ. ದಿನ ಕಳೆದಂತೆ ರೋಗಾಣು ತುಂಬಿ ಮೂತ್ರಪಿಂಡ, ಶ್ವಾಸಕೋಶ ಕೆಡಬಹುದು, ಪ್ರಾಣಕ್ಕೂ ಎರವಾಗಬಹುದು. ಸಾಧು ಜ್ವರವೆಂದು ಕಾದು ಕೂರುವಂತಿಲ್ಲ. ಬೇಗ ಗುರುತಿಸಿದರೆ ಈಗಿರುವ ಮಲೇರಿಯಾ ಔಷಧಿಗಳಿಂದಲೇ ಗುಣವಾಗುತ್ತದೆ.

ನಮ್ಮ ದೇವಸ್ಥಾನದ ಕೋತಿಗಳನ್ನು ಶಂಕಿಸಬೇಡಿ. ಈ ರೋಗಾಣುವಿನ ಮುಖ್ಯ ಆಶ್ರಯ ಆಗ್ನೇಯ ಏಷ್ಯಾದ ಉದ್ದಬಾಲದ ಮತ್ತು ಹಂದಿಬಾಲದ ಕೋತಿಗಳು. ಅಲ್ಲಿನ ಕಾಡುಸೊಳ್ಳೆ ಅದನ್ನು ಮನುಷ್ಯನಿಗೆ ದಾಟಿಸುತ್ತದೆ. ಕೆಲಸಕ್ಕೋ ಪ್ರವಾಸಕ್ಕೋ ಆ ಕಾಡುಗಳ ಕಡೆ ಹೋಗಿ ಬಂದವರಿಗೆ ಜ್ವರ ಕಾಣಿಸಿದರೆ ಅದೇ ದಿನ ರಕ್ತಪರೀಕ್ಷೆ ಮಾಡಿಸಿ. ಎಲ್ಲಿಗೆ ಹೋಗಿದ್ದಿರೆಂದು ವೈದ್ಯರು ಕೇಳದಿದ್ದರೂ ನೀವೇ ಹೇಳಿ. ಪಿ.ಸಿ.ಆರ್. ಫಲಿತಾಂಶ ಬರುವವರೆಗೆ ಚಿಕಿತ್ಸೆ ತಡೆಹಿಡಿಯಬೇಕಾಗಿಲ್ಲ.