ಪಿಕಪ್ ಟ್ರಕ್ಕಿನ ಮುಂಭಾಗದ ಎತ್ತರ ಮತ್ತು ವೀಲ್ ಅಲೈನ್‌ಮೆಂಟ್

ಪಿಕಪ್ ಟ್ರಕ್ಕಿನ ಮುಂಭಾಗದ ಎತ್ತರವೆಂದರೆ, ವಾಹನವು ಸಮತಟ್ಟಾದ ನೆಲದ ಮೇಲೆ ನಿಂತಾಗ ಅದರ ಚಾಸಿಯು ಮುಂದಿನ ಚಕ್ರಗಳಿಗಿಂತ ಎಷ್ಟು ಮೇಲಕ್ಕೆ ಅಥವಾ ಕೆಳಕ್ಕೆ ಕುಳಿತಿದೆ ಎಂಬುದರ ಅಳತೆ. ವೀಲ್ ಅಲೈನ್‌ಮೆಂಟ್ ಎಂದರೆ, ಚಕ್ರಗಳು ನೆಲಕ್ಕೂ ವಾಹನ ಚಲಿಸುವ ದಿಕ್ಕಿಗೂ ಸರಿಯಾದ ಕೋನದಲ್ಲಿ ನಿಲ್ಲುವಂತೆ ಮಾಡುವ ಹೊಂದಾಣಿಕೆ. ಇವೆರಡೂ ಬೇರೆ ಬೇರೆ ಕೆಲಸಗಳೆಂಬ ಭಾವನೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಎತ್ತರ ಬದಲಾದರೆ ಕೋನಗಳೂ ಬದಲಾಗುತ್ತವೆ. ಟಾರ್ಷನ್ ಬಾರ್ ಸಸ್ಪೆನ್ಷನ್ ಇರುವ ಪಿಕಪ್‌ಗಳಲ್ಲಿ ಒಂದು ಬೋಲ್ಟನ್ನು ತಿರುಗಿಸಿದರೆ ಸಾಕು, ಮುಂಭಾಗ ಏಳುತ್ತದೆ ಇಲ್ಲವೇ ಇಳಿಯುತ್ತದೆ. ಆದುದರಿಂದ ಈ ಸಂಬಂಧವನ್ನು ಅರಿಯದೆ ಕೈಹಾಕುವ ಪ್ರಮೇಯವೂ ಅವುಗಳಲ್ಲಿಯೇ ಹೆಚ್ಚು.

ಟಾರ್ಷನ್ ಬಾರಿನ ರಚನೆ

ಟಾರ್ಷನ್ ಬಾರ್ ಎಂಬುದು ಸ್ಪ್ರಿಂಗ್ ಉಕ್ಕಿನ ನೇರವಾದ ಸರಳು. ಒದ್ದೆ ಬಟ್ಟೆಯನ್ನು ಹಿಂಡುವಾಗ ಅದು ತಿರುಚಿಕೊಳ್ಳುವಂತೆ ಈ ಸರಳೂ ಭಾರಕ್ಕೆ ತಿರುಚಿಕೊಳ್ಳುತ್ತದೆ. ಬಟ್ಟೆಯಂತಲ್ಲದೆ ಭಾರ ಇಳಿದೊಡನೆ ತನ್ನ ಮೊದಲಿನ ಸ್ಥಿತಿಗೆ ಮರಳುತ್ತದೆ. ಸರಳಿನ ಮುಂದಿನ ತುದಿಯನ್ನು ಚಕ್ರವನ್ನು ಹಿಡಿದಿರುವ ಕಂಟ್ರೋಲ್ ಆರ್ಮ್‌ಗೆ, ಅಂದರೆ ಮೇಲಿನ ಅಥವಾ ಕೆಳಗಿನ ತೋಳಿಗೆ ಜೋಡಿಸಿರುತ್ತಾರೆ. ಹಿಂದಿನ ತುದಿಯು ಚಾಸಿಯ ಅಡ್ಡಪಟ್ಟಿಯಲ್ಲಿ ಕೀ ಎಂಬ ಸನ್ನೆಯಂಥ ತುಂಡಿನೊಳಗೆ ಕುಳಿತಿರುತ್ತದೆ. ಈ ಕೀಯನ್ನು ಒತ್ತಿ ಹಿಡಿದಿರುವುದೇ ಎತ್ತರ ಹೊಂದಿಸುವ ಬೋಲ್ಟು.

ಸರಳಿನ ಬಿಗುವು ಅದರ ವ್ಯಾಸದ ನಾಲ್ಕನೆಯ ಘಾತವನ್ನು ಅವಲಂಬಿಸಿದೆ. ವ್ಯಾಸವನ್ನು ಶೇ. 10ರಷ್ಟು ಹೆಚ್ಚಿಸಿದರೆ ಬಿಗುವು ಸುಮಾರು ಶೇ. 46ರಷ್ಟು ಹೆಚ್ಚುತ್ತದೆ. ಉದ್ದ ಹೆಚ್ಚಿದಷ್ಟೂ ಬಿಗುವು ತಗ್ಗುತ್ತದೆ. ಎಡ ಮತ್ತು ಬಲ ಬದಿಯ ಸರಳುಗಳನ್ನು ಅವು ತಿರುಚಿಕೊಳ್ಳಬೇಕಾದ ದಿಕ್ಕಿಗೆ ಅನುಗುಣವಾಗಿ ತಯಾರಿಕೆಯಲ್ಲಿಯೇ ಹದಗೊಳಿಸಿ ಗುರುತು ಹಾಕಿರುತ್ತಾರೆ. ಅವನ್ನು ಅದಲುಬದಲು ಮಾಡಬಾರದು.

ಬಳಕೆಯ ಹಿನ್ನೆಲೆ

ಅಮೆರಿಕದ ಷೆವ್ರೊಲೆ ಪಿಕಪ್‌ಗಳಲ್ಲಿ 1960ರಲ್ಲಿ ಬಂದ ಟಾರ್ಷನ್ ಬಾರ್ 1963ರ ಮಾದರಿಯಲ್ಲಿ ಸುರುಳಿ ಸ್ಪ್ರಿಂಗಿಗೆ ಎಡೆಮಾಡಿಕೊಟ್ಟಿತು. ನಾಲ್ಕು ಚಕ್ರ ಚಾಲನೆಯ ಪಿಕಪ್‌ಗಳಿಗೆ ಸ್ವತಂತ್ರ ಸಸ್ಪೆನ್ಷನ್ ಬಂದಾಗ ಅದು ಮತ್ತೆ ಕಾಣಿಸಿಕೊಂಡಿತು. ಮುಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ದಂಡವು ಸುರುಳಿ ಸ್ಪ್ರಿಂಗ್ ನಿಲ್ಲಬೇಕಾದ ಜಾಗದಲ್ಲಿಯೇ ಹಾದುಹೋಗುತ್ತದೆ. ಚಾಸಿಯ ಉದ್ದಕ್ಕೆ ಮಲಗುವ ಸರಳಿಗೆ ಆ ತೊಡಕಿಲ್ಲ. ಟೊಯೋಟಾದ 1986ರ ಮಾದರಿ, ಷೆವ್ರೊಲೆಯ 1988ರ ಕೆ ಸರಣಿ, ಫೋರ್ಡ್ ಎಫ್-150ರ 1997ರ ನಾಲ್ಕು ಚಕ್ರ ಚಾಲನೆಯ ಮಾದರಿ ಇದಕ್ಕೆ ಉದಾಹರಣೆಗಳು. ಎಫ್-150 2004ರಲ್ಲಿ ಸುರುಳಿ ಸ್ಪ್ರಿಂಗಿಗೆ ಬದಲಾಯಿತು. ಷೆವ್ರೊಲೆ ಸಿಲ್ವೆರಾಡೊ 2500 ಎಚ್‌ಡಿಯಂಥ ಭಾರಿ ಪಿಕಪ್‌ಗಳು 2020ರ ಮಾದರಿಯಲ್ಲಿಯೂ ಟಾರ್ಷನ್ ಬಾರನ್ನು ಉಳಿಸಿಕೊಂಡವು.

ಎತ್ತರಿಸಿದಾಗ ಆಗುವುದೇನು

ಹಿಂದಿನ ಪಟ್ಟಿ ಸ್ಪ್ರಿಂಗುಗಳು ಸರಕಿನ ಭಾರಕ್ಕೆಂದು ರೂಪಿತವಾದವು. ಆದುದರಿಂದ ಖಾಲಿ ಪಿಕಪ್‌ನ ಹಿಂಭಾಗ ಮುಂಭಾಗಕ್ಕಿಂತ ತುಸು ಎತ್ತರದಲ್ಲಿರುತ್ತದೆ. ಇದು ದೋಷವಲ್ಲ. ಅನೇಕ ಮಾಲೀಕರು ಇದನ್ನು ಸಮಗೊಳಿಸಲು, ಇಲ್ಲವೇ ದೊಡ್ಡ ಟೈರು ಹಾಕಲು ಮುಂದಿನ ಬೋಲ್ಟುಗಳನ್ನು ಬಿಗಿಯುತ್ತಾರೆ. ಹಳೆಯ ವಾಹನದ ಮುಂಭಾಗ ಕುಸಿದಿದ್ದರೆ ನಿಗದಿತ ಎತ್ತರಕ್ಕೆ ಮರಳಿಸಲು ಬಿಗಿಯುವುದು ಸರಿಯಾದ ದುರಸ್ತಿ. ಕೇವಲ ನೋಟಕ್ಕಾಗಿ ಬಿಗಿಯುವುದನ್ನು ಹಾಗೆನ್ನಲಾಗದು.

ಬೋಲ್ಟು ಬಿಗಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ, ಹೆಚ್ಚು ಭಾರ ಹೊರುತ್ತದೆ ಎಂಬ ನಂಬಿಕೆ ತಪ್ಪು. ಬೋಲ್ಟು ಸರಳಿನ ಹಿಂದಿನ ತುದಿಯನ್ನಷ್ಟೇ ತಿರುಗಿಸುತ್ತದೆ. ತೋಳು ಕೆಳಕ್ಕೆ ಬಾಗಿ ಚಾಸಿ ಮೇಲೇಳುತ್ತದೆ. ಚಕ್ರದ ಮೇಲಿನ ಭಾರ ಮೊದಲಿನಷ್ಟೇ ಇರುವುದರಿಂದ ಸರಳಿನ ತಿರುಚು ಹೆಚ್ಚುಕಡಿಮೆ ಮೊದಲಿನಷ್ಟೇ. ಅದರ ವ್ಯಾಸವಾಗಲಿ ಉದ್ದವಾಗಲಿ ಬದಲಾಗಿಲ್ಲ. ಹಾಗಿದ್ದರೂ ಸವಾರಿ ಒರಟಾಗುವುದೇಕೆ? ತೋಳು ಈಗಾಗಲೇ ಕೆಳಕ್ಕೆ ಬಾಗಿರುವುದರಿಂದ ಚಕ್ರ ಇನ್ನಷ್ಟು ಕೆಳಗಿಳಿಯಲು ಅವಕಾಶ ಉಳಿದಿರುವುದಿಲ್ಲ. ಸಣ್ಣ ಗುಂಡಿಗೂ ತೋಳು ತಡೆಗೆ ಬಡಿಯುತ್ತದೆ. ಈ ಬಡಿತವನ್ನೇ ಸ್ಪ್ರಿಂಗಿನ ಗಟ್ಟಿತನವೆಂದು ತಿಳಿಯಲಾಗುತ್ತದೆ.

ನಾಲ್ಕು ಚಕ್ರ ಚಾಲನೆಯ ವಾಹನದಲ್ಲಿ ಇನ್ನೊಂದು ತೊಂದರೆಯಿದೆ. ಶಕ್ತಿ ಒಯ್ಯುವ ದಂಡದ ಸಿವಿ ಜಾಯಿಂಟುಗಳು ಹೆಚ್ಚು ಕಡಿದಾದ ಕೋನದಲ್ಲಿ ಸುತ್ತಬೇಕಾಗಿ ಅವುಗಳ ರಬ್ಬರ್ ಕವಚ ಬೇಗ ಹರಿಯುತ್ತದೆ. ಹರಿದ ಕವಚದಿಂದ ಗ್ರೀಸು ಸೋರಿ ಧೂಳು ಹೊಕ್ಕರೆ ಜಾಯಿಂಟು ಹೆಚ್ಚು ಕಾಲ ಬಾಳುವುದಿಲ್ಲ.

ಮೂರು ಕೋನಗಳು

ಚಕ್ರವನ್ನು ಮುಂದಿನಿಂದ ನೋಡಿದಾಗ ಅದರ ಮೇಲ್ತುದಿ ಹೊರಕ್ಕೋ ಒಳಕ್ಕೋ ವಾಲಿರುವುದು ಕ್ಯಾಂಬರ್. ಹೊರಕ್ಕೆ ವಾಲಿದ್ದರೆ ಧನ, ಒಳಕ್ಕೆ ವಾಲಿದ್ದರೆ ಋಣ. ಚಕ್ರ ಎಡಬಲಕ್ಕೆ ತಿರುಗುವ ಅಕ್ಷವು ಪಕ್ಕದಿಂದ ನೋಡಿದಾಗ ಹಿಂದಕ್ಕೆ ಅಥವಾ ಮುಂದಕ್ಕೆ ವಾಲಿರುವುದು ಕ್ಯಾಸ್ಟರ್. ಸೈಕಲ್ಲಿನ ಮುಂದಿನ ಫೋರ್ಕಿನಲ್ಲಿ ಈ ವಾಲುವಿಕೆಯನ್ನು ಸುಲಭವಾಗಿ ಕಾಣಬಹುದು. ತಿರುವಿನ ಬಳಿಕ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದಕ್ಕೆ ಇದೇ ಮುಖ್ಯ ಕಾರಣ. ಟೋ ಎಂದರೆ ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮುಂತುದಿಗಳು ಪರಸ್ಪರ ಹತ್ತಿರವಾಗಿವೆಯೋ ದೂರವಾಗಿವೆಯೋ ಎಂಬುದು. ಕಾಲ್ಬೆರಳುಗಳನ್ನು ಒಳಕ್ಕೆ ಅಥವಾ ಹೊರಕ್ಕೆ ಚಾಚಿ ನಡೆಯುವುದಕ್ಕೆ ಇದನ್ನು ಹೋಲಿಸಬಹುದು.

ಟೈರನ್ನು ಬೇಗ ತಿನ್ನುವುದು ಮುಖ್ಯವಾಗಿ ಟೋ ದೋಷವೇ. ಚಕ್ರವೊಂದು ಚಲನೆಯ ದಿಕ್ಕಿನಿಂದ ಅರ್ಧ ಡಿಗ್ರಿ ಓರೆಯಾಗಿದ್ದರೆ, ಪ್ರತಿ ಕಿಲೋಮೀಟರಿಗೆ ಅದನ್ನು ಸುಮಾರು 8.7 ಮೀಟರ್ ಅಡ್ಡಲಾಗಿ ಉಜ್ಜಿದಂತಾಗುತ್ತದೆ. ಮುಂಭಾಗ ಏರಿದಾಗ ತೋಳುಗಳೂ ಟೈ ರಾಡುಗಳೂ ಬೇರೆ ಬೇರೆ ವೃತ್ತಗಳಲ್ಲಿ ಸರಿಯುವುದರಿಂದ ಟೋ ಕೆಡುತ್ತದೆ. ಅದು ಒಳಕ್ಕೋ ಹೊರಕ್ಕೋ ಎಂಬುದು ಟೈ ರಾಡ್ ಇರುವ ಸ್ಥಾನವನ್ನು ಅವಲಂಬಿಸಿದೆ. ಕ್ಯಾಂಬರ್ ಸಾಮಾನ್ಯವಾಗಿ ಧನ ದಿಕ್ಕಿಗೆ ಸರಿದು ಟೈರಿನ ಹೊರ ಅಂಚು ಸವೆಯುತ್ತದೆ. ಚಾಸಿ ಹಿಂದಕ್ಕೆ ವಾಲುವುದರಿಂದ ಕ್ಯಾಸ್ಟರ್ ಕೂಡ ಮೊದಲಿನಂತೆ ಉಳಿಯದು.

ಹೊಂದಾಣಿಕೆಯ ಕ್ರಮ

ಮೊದಲು ಎತ್ತರ, ಬಳಿಕ ಕೋನಗಳು. ಇದನ್ನು ಹಿಂದುಮುಂದು ಮಾಡಿದರೆ ಅಲೈನ್‌ಮೆಂಟಿಗೆ ಕೊಟ್ಟ ಹಣ ವ್ಯರ್ಥ.

ಟೈರುಗಳಲ್ಲಿ ನಿಗದಿತ ಗಾಳಿ ಇರಬೇಕು. ಬಾಲ್ ಜಾಯಿಂಟ್, ಟೈ ರಾಡ್ ತುದಿ, ಬುಷ್ ಮತ್ತು ಬೇರಿಂಗುಗಳಲ್ಲಿ ಸಡಿಲವಿದ್ದರೆ ಅದನ್ನು ಮೊದಲು ಸರಿಪಡಿಸಬೇಕು. ಸಡಿಲವಾದ ಜಾಯಿಂಟಿನ ಮೇಲೆ ಹೊಂದಿಸಿದ ಕೋನ ನಿಲ್ಲುವುದಿಲ್ಲ. ಮುಂಭಾಗವನ್ನು ಕೆಲವು ಸಲ ಕೆಳಕ್ಕೆ ಒತ್ತಿ ಬಿಟ್ಟು, ಸಸ್ಪೆನ್ಷನ್ ತನ್ನ ಸಹಜ ಸ್ಥಾನಕ್ಕೆ ಬಂದ ಬಳಿಕ ಅಳೆಯಬೇಕು. ಚಕ್ರದ ಮೇಲಿನ ಮಡ್‌ಗಾರ್ಡ್ ಅಂಚಿನಿಂದ ನೆಲಕ್ಕೆ ಅಳೆಯುವ ರೂಢಿಯಿದೆ. ಟೈರಿನ ಗಾತ್ರ, ಸವೆತ, ಹಿಂದಿನ ಅಪಘಾತದಲ್ಲಿ ಬಾಗಿದ ತಗಡು, ಎಲ್ಲವೂ ಆ ಅಳತೆಯೊಳಗೆ ಸೇರಿಬಿಡುತ್ತವೆ. ಕೆಳತೋಳಿನ ಒಳತುದಿಯ ಬೋಲ್ಟು ಮತ್ತು ಚಕ್ರದ ಕಡೆಯ ತುದಿ, ಇವೆರಡರ ಎತ್ತರಗಳ ಅಂತರವನ್ನು ಅಳೆಯುವುದು ಹೆಚ್ಚು ನಂಬಲರ್ಹ. ಎಲ್ಲಿಂದ ಎಲ್ಲಿಗೆ ಅಳೆಯಬೇಕು, ಎಷ್ಟಿರಬೇಕು ಎಂಬುದು ಆಯಾ ಮಾದರಿಯ ಸರ್ವಿಸ್ ಕೈಪಿಡಿಯಲ್ಲಿರುತ್ತದೆ.

ಬೋಲ್ಟು ತಿರುಗಿಸುವ ಮುನ್ನ ಚಾಸಿಯನ್ನು ಜಾಕಿನಿಂದ ಎತ್ತಿ, ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಚಕ್ರಗಳು ಜೋಲುವಂತೆ ಬಿಡುತ್ತಾರೆ. ಆಗ ಬೋಲ್ಟಿನ ಮೇಲಿನ ಒತ್ತಡ ತಗ್ಗಿ ಎಳೆಗಳು ಹಾಳಾಗುವುದು ತಪ್ಪುತ್ತದೆ. ಎಷ್ಟು ಸುತ್ತು ತಿರುಗಿಸಲಾಯಿತೆಂದು ಬರೆದಿಟ್ಟುಕೊಂಡು, ವಾಹನವನ್ನು ಇಳಿಸಿ, ಸ್ವಲ್ಪ ದೂರ ಓಡಿಸಿ ಮತ್ತೆ ಅಳೆಯಬೇಕು. ಒಂದು ಬದಿಯನ್ನು ಹೊಂದಿಸಿದಾಗ ಇನ್ನೊಂದು ಬದಿಯೂ ತುಸು ಬದಲಾಗುವುದರಿಂದ ಇದನ್ನು ಎರಡು ಮೂರು ಸಲ ಮಾಡಬೇಕಾಗಬಹುದು. ಬೋಲ್ಟನ್ನು ಪೂರ್ತಿ ಬಿಚ್ಚಿ ಕೀಯನ್ನು ಹೊರತೆಗೆಯುವುದು ಬೇರೆಯೇ ಕೆಲಸ. ತಿರುಚಿಕೊಂಡಿರುವ ಸರಳು ಕೀಯನ್ನು ಮೂಳೆ ಮುರಿಯುವಷ್ಟು ಬಲದಿಂದ ಚಿಮ್ಮಿಸಬಲ್ಲದು. ಅದಕ್ಕೆಂದೇ ಇರುವ ಉಪಕರಣವಿಲ್ಲದೆ ಮುಟ್ಟಬಾರದು.

ಎತ್ತರ ಸರಿಯಾದ ಮೇಲೆ ಕ್ಯಾಸ್ಟರ್ ಮತ್ತು ಕ್ಯಾಂಬರ್ ಹೊಂದಿಸುತ್ತಾರೆ. ಅನೇಕ ಪಿಕಪ್‌ಗಳಲ್ಲಿ ಇದಕ್ಕೆ ಮೇಲ್ತೋಳಿನ ಬುಡದಲ್ಲಿ ತೆಳು ತಗಡಿನ ಶಿಮ್‌ಗಳೋ ಅಕ್ಷ ತಪ್ಪಿದ ಬಿಲ್ಲೆಗಳಿರುವ ಬೋಲ್ಟುಗಳೋ ಇರುತ್ತವೆ. ಇವು ಬದಲಾದಾಗ ಟೋ ಬದಲಾಗುವುದರಿಂದ ಅದನ್ನು ಕಡೆಯಲ್ಲಿ, ಸ್ಟೀರಿಂಗ್ ಚಕ್ರವನ್ನು ನೇರವಾಗಿ ಹಿಡಿದಿಟ್ಟು, ಟೈ ರಾಡಿನ ಉದ್ದ ಬದಲಿಸಿ ಹೊಂದಿಸಲಾಗುತ್ತದೆ. ಹೆಡ್‌ಲೈಟುಗಳ ದಿಕ್ಕನ್ನೂ ಪರೀಕ್ಷಿಸಬೇಕು. ಮುಂಭಾಗ ಎತ್ತರಿಸಿದ ಪಿಕಪ್‌ಗೆ ಸರಕು ತುಂಬಿದಾಗ ಹಿಂಭಾಗ ಕುಸಿದು, ಬೆಳಕು ಎದುರಿನಿಂದ ಬರುವವರ ಕಣ್ಣಿಗೆ ನೇರವಾಗಿ ರಾಚುತ್ತದೆ.

ಇತರ ಬಗೆಯ ಸಸ್ಪೆನ್ಷನ್

ಸುರುಳಿ ಸ್ಪ್ರಿಂಗ್ ಇರುವ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಎತ್ತರ ಹೊಂದಿಸುವ ಬೋಲ್ಟು ಇರುವುದಿಲ್ಲ. ಬಿಡದಿಯ ಕಾರ್ಖಾನೆಯಲ್ಲಿ ತಯಾರಾಗುವ ಟೊಯೋಟಾ ಹೈಲಕ್ಸ್ ಈ ಬಗೆಯದು. ಇಂಥವುಗಳ ಮುಂಭಾಗ ಕುಸಿದಿದ್ದರೆ ಸ್ಪ್ರಿಂಗನ್ನೇ ಬದಲಿಸುವುದು ವಾಡಿಕೆ. ಮುಂದೆಯೂ ಪಟ್ಟಿ ಸ್ಪ್ರಿಂಗ್ ಮತ್ತು ಅಖಂಡ ಆಕ್ಸಲ್ ಇರುವ ಸರಕು ವಾಹನಗಳಲ್ಲಿ ಕ್ಯಾಂಬರ್ ಆಕ್ಸಲಿನ ಆಕಾರದಿಂದಲೇ ನಿಗದಿಯಾಗಿರುತ್ತದೆ. ಕ್ಯಾಸ್ಟರನ್ನು ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಬೆಣೆಯಿಟ್ಟು ತಿದ್ದಬಹುದು. ದಿನನಿತ್ಯದ ಹೊಂದಾಣಿಕೆಗೆ ಸಿಗುವುದು ಟೋ ಒಂದೇ.