ಅಪ್‌ಡೇಟ್ ಆದ ಮೇಲೆ ಎರಡನೇ ಸಿಮ್ ಹತ್ತದಿದ್ದರೆ

ಖಾನಾಪುರ ತಾಲ್ಲೂಕಿನ ರೈತರಲ್ಲಿ ಒಂದೇ ಸಿಮ್ ಇಟ್ಟುಕೊಂಡವರು ಕಡಿಮೆ. ಇಟಗಿ, ಪಾರಿಶ್ವಾಡದ ಬಯಲಿನಲ್ಲಿ ಚೆನ್ನಾಗಿ ಹಿಡಿಯುವ ಕಂಪನಿ ಜಾಂಬೋಟಿ ಕಡೆ ಕಾಡಿಗೆ ಹೋದರೆ ಕೈಕೊಡುತ್ತದೆ. ಹಳೇ ನಂಬರು ಆಧಾರಕ್ಕೂ ಬ್ಯಾಂಕಿಗೂ ಜೋಡಿಸಿದ್ದು, ಹೊಸದು ನೆಟ್ಟಿಗೆ. ಅಪ್‌ಡೇಟ್ ಆದ ಮರುದಿನ ಆ ಹಳೇ ನಂಬರೇ 'ಸೇವೆ ಇಲ್ಲ' ಅಂದರೆ ಓಟಿಪಿ ಬರುವುದಿಲ್ಲ. ಪಿಎಂ ಕಿಸಾನ್ ಇ-ಕೆವೈಸಿ ನಿಂತೀತು, ಬ್ಯಾಂಕಿನ ಕೆಲಸವೂ ನಿಂತೀತು.

ನನ್ನ ಫೋನಿಗೂ ಹೀಗೇ ಆಯಿತು. ಪೇಟೆಯ ಒಬ್ಬ ರಿಪೇರಿಯವ ನೋಡಿದವನೇ 'ಬೋರ್ಡ್ ಹೋಗೇತಿ, ಒಂದೂವರೆ ಸಾವಿರ ಆಗತೈತಿ' ಅಂದ. ನಾನು ಫೋನು ವಾಪಸ್ ತಗೊಂಡೆ. ನಿನ್ನೆ ರಾತ್ರಿಯವರೆಗೆ ನಡೆದ ಬೋರ್ಡು ಅಪ್‌ಡೇಟಿನ ಹೊತ್ತಿಗೇ ಹೋಗುವುದು ಅಪರೂಪ. ಹೆಚ್ಚಾಗಿ ಆಗುವುದು ಇಷ್ಟೇ: ನಾವು ಮಾಡಿಟ್ಟ ಸೆಟ್ಟಿಂಗ್ ಅಪ್‌ಡೇಟಿನಲ್ಲಿ ಬದಲಾಗಿರುತ್ತದೆ.

ಮೊದಲು ಒಂದು ಮಾತು ತಿಳಿದಿರಲಿ. ಬಹಳಷ್ಟು ಫೋನುಗಳಲ್ಲಿ ಸಿಮ್ ಎರಡಿದ್ದರೂ ಒಳಗಿನ ರೇಡಿಯೋ ಒಂದೇ. ಒಂದು ಜೋಡಿ ಎತ್ತು, ಎರಡು ಹೊಲ ಇದ್ದಂತೆ. ಒಂದರಲ್ಲಿ ಮಾತಾಡುವಾಗ ಇನ್ನೊಂದಕ್ಕೆ ಫೋನ್ ಹಚ್ಚಿದವರಿಗೆ 'ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ' ಅಂತ ಬರಬಹುದು. ಅದು ಕೆಟ್ಟದ್ದಲ್ಲ.

ಈಗ ಪರೀಕ್ಷೆ. ವಿಮಾನದ ಗುರುತು ಒತ್ತಿ ಅರ್ಧ ನಿಮಿಷ ಬಿಟ್ಟು ತೆಗೆಯಿರಿ. ಆಗದಿದ್ದರೆ ಫೋನು ಬಂದ್ ಮಾಡಿ ಚಾಲೂ ಮಾಡಿ. ಆಮೇಲೆ ಸೆಟ್ಟಿಂಗ್‌ನಲ್ಲಿ ಸಿಮ್ ಪುಟ ತೆರೆದು ಎರಡೂ ಸಿಮ್ ಚಾಲೂ ಇವೆಯೇ ನೋಡಿ. ಕರೆಗೆ ಯಾವುದು, ಎಸ್ಸೆಮ್ಮೆಸ್ಸಿಗೆ ಯಾವುದು, ನೆಟ್ಟಿಗೆ ಯಾವುದು ಎಂದು ಮತ್ತೆ ಆರಿಸಿ. ನೆಟ್‌ವರ್ಕ್ ಹುಡುಕುವುದು 'ಆಟೋಮ್ಯಾಟಿಕ್' ಇರಲಿ. ಕರೆ ಬರುತ್ತದೆ, ನೆಟ್ ಮಾತ್ರ ಇಲ್ಲ ಅಂದರೆ ಎಪಿಎನ್ ಅಳಿಸಿರಬಹುದು. ಅದೇ ಪುಟದಲ್ಲಿ ಎಪಿಎನ್ ರೀಸೆಟ್ ಒತ್ತಿದರೆ ಸಾಕು.

ಕಣಕುಂಬಿ, ಚೋರ್ಲಾ ಕಡೆಯವರಿಗೆ ಇನ್ನೊಂದು ತೊಡಕಿದೆ. ಅಲ್ಲಿ ಫೋನು ಗೋವಾ-ಮಹಾರಾಷ್ಟ್ರ ವಲಯದ ಟವರ್ ಹಿಡಿದರೆ ರೋಮಿಂಗ್ ಎಂದು ಎಣಿಸಬಹುದು. ಡೇಟಾ ರೋಮಿಂಗ್ ಬಂದ್ ಆಗಿದ್ದರೆ ಗೆರೆ ತುಂಬಿದ್ದರೂ ನೆಟ್ ನಡೆಯುವುದಿಲ್ಲ. ಆ ಗುಂಡಿ ಚಾಲೂ ಮಾಡಿ.

ಇಷ್ಟಕ್ಕೂ ಆಗದಿದ್ದರೆ ಸಿಮ್‌ಗಳ ಖಾನೆ ಅದಲುಬದಲು ಮಾಡಿ. ತೊಂದರೆ ಸಿಮ್ಮಿನ ಬೆನ್ನು ಹತ್ತಿ ಹೋದರೆ ಸಿಮ್ಮಿನದು, ಖಾನೆಯಲ್ಲೇ ಉಳಿದರೆ ಫೋನಿನದು. ಖಾನೆ ಬದಲಿಸಿದ ಮೇಲೆ ಫೋನ್‌ಪೇಯಂಥ ಯುಪಿಐ ಆ್ಯಪು ಮತ್ತೆ ನಂಬರು ಪರೀಕ್ಷಿಸಬಹುದು. ಆಗ ಬ್ಯಾಂಕಿಗೆ ಜೋಡಿಸಿದ ಸಿಮ್ಮಿನಿಂದಲೇ ಎಸ್ಸೆಮ್ಮೆಸ್ ಹೋಗಬೇಕು. ಅದರಲ್ಲಿ ರೀಚಾರ್ಜ್ ಇರಲಿ.

*#06# ಒತ್ತಿ. ಎರಡು ಸಿಮ್ಮಿನ ಫೋನಿಗೆ 15 ಅಂಕಿಯ ಎರಡು ಐಎಂಇಐ ನಂಬರು ಕಾಣಬೇಕು. ಖಾಲಿ ಅಥವಾ ಬರೀ ಸೊನ್ನೆ ಬಂದರೆ ಮನೆಮದ್ದು ಸಾಕು, ಬೆಳಗಾವಿಯಲ್ಲಿ ನಿಮ್ಮ ಫೋನಿನ ಕಂಪನಿಯ ಸರ್ವೀಸ್ ಸೆಂಟರಿಗೇ ಒಯ್ಯಿರಿ.

ಕೊನೆಗೆ ಉಳಿಯುವುದು ನೆಟ್‌ವರ್ಕ್ ರೀಸೆಟ್. ಇದರಲ್ಲಿ ವೈಫೈ ಪಾಸ್‌ವರ್ಡ್, ಬ್ಲೂಟೂತ್ ಜೋಡಣೆ ಹೋಗುತ್ತವೆ. ಫೋಟೋ, ನಂಬರುಗಳು ಉಳಿಯುತ್ತವೆ. ಅಂಗಡಿಯವರು ಹೇಳುವ ಫ್ಯಾಕ್ಟರಿ ರೀಸೆಟ್ ಬೇರೆ. ಅದು ಫೋನಿನಲ್ಲಿರುವುದನ್ನೆಲ್ಲ ಗುಡಿಸಿ ಹಾಕುತ್ತದೆ. ಎರಡರ ಹೆಸರೂ ಒಂದೇ ಥರ ಇರುವುದರಿಂದ ಓದಿ ಒತ್ತಿ.

ಸಿಮ್ಮೇ ಹಳೆಯದು, 3ಜಿ ಕಾಲದ್ದು ಅಂತಾದರೆ ಕಂಪನಿಯ ಕಚೇರಿಯಲ್ಲಿ ಅದೇ ನಂಬರಿಗೆ 4ಜಿ ಸಿಮ್ ಕೊಡುತ್ತಾರೆ. ಆಧಾರ್ ಕಾರ್ಡ್ ಒಯ್ಯಬೇಕು, ಸಿಮ್ ಯಾರ ಹೆಸರಲ್ಲಿದೆಯೋ ಅವರೇ ಹೋಗಬೇಕು. ಹೊಸ ಸಿಮ್ ಚಾಲೂ ಆದ ಮೇಲೆ ಮೋಸ ತಡೆಯಲೆಂದು 24 ತಾಸು ಎಸ್ಸೆಮ್ಮೆಸ್ ತಡೆದಿಡುತ್ತಾರೆ, ಹಾಗಾಗಿ ಆ ದಿನ ಓಟಿಪಿ ಬೇಕಾದ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ.